ಮಗಳಿಗೊಂದು ಮೈಕು

ಪಲ್ಲವಿ ಮುಗಿಯುವವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಅಂತರ ಕಾಲೇಜು ಭಾವಗೀತೆ ಸ್ಪರ್ಧೆ. ತುಮಕೂರಿನ ಆ ಸಭಾಂಗಣದ ನಡುಸಾಲಿನಲ್ಲಿ ಅರ್ಧ ದಿನದ ರಜೆ ಹಾಕಿ ಬಂದಿದ್ದ ಮೇಷ್ಟ್ರು, ಅವರ ಪಕ್ಕದಲ್ಲಿ ಅವರ ಹೆಂಡತಿ. ವೇದಿಕೆಯ ಮೇಲೆ ಮಗಳು, ಬಿ.ಎಸ್‌ಸಿ. ಎರಡನೆಯ ವರ್ಷದ ಹುಡುಗಿ. ಚರಣಕ್ಕೆ ಬಂದು ದನಿ ಏರಿಸಬೇಕು ಎನ್ನುವಷ್ಟರಲ್ಲಿ ಕೈಯಲ್ಲಿದ್ದ ಮೈಕು 'ಕುಂಯ್' ಎಂದು ಕಿರುಚಿಕೊಂಡಿತು. ಕಿವಿ ಮುಚ್ಚಿಕೊಂಡವರು ಕೆಲವರು, ನಕ್ಕವರು ಹಲವರು. ಹುಡುಗಿ ಬೆದರಿ ಮೈಕನ್ನು ಒಂದು ಮೊಳ ದೂರ ಹಿಡಿದಳು. ಆಮೇಲೆ ಹಾಡಿದ್ದೆಲ್ಲ ಮೊದಲ ಎರಡು ಸಾಲಿನವರಿಗಷ್ಟೇ ಕೇಳಿಸಿತು. ಯಂತ್ರದ ಮುಂದೆ ಕುಳಿತಿದ್ದ ಹುಡುಗ ದನಿ ಸಾಲದೆಂದು ಗುಂಡಿ ತಿರುಗಿಸಿದ. ಮೈಕು ಮತ್ತೆ ಕಿರುಚಿತು.

ತೀರ್ಪುಗಾರರ ಹಾಳೆಯಲ್ಲಿ 'ಶಾರೀರ ಕ್ಷೀಣ' ಎಂದು ಬರೆದಿತ್ತು.

ಸಂಗೀತ ಕಲಿಯುವ ಮಕ್ಕಳಿರುವ ಮನೆಯವರಿಗೆ ಆ ಎರಡು ಪದದ ಭಾರ ತಿಳಿದೀತು. ಶ್ರುತಿ ತಪ್ಪಿತು ಎಂದಿದ್ದರೆ ತಿದ್ದಿಕೊಳ್ಳಬಹುದು. ತಾಳ ಜಾರಿತು ಎಂದಿದ್ದರೆ ಅಭ್ಯಾಸ ಮಾಡಬಹುದು. ಶಾರೀರವೇ ಕ್ಷೀಣ ಎಂದರೆ ಏನು ಮಾಡುವುದು? ಬೆಳಗಿನ ಐದೂವರೆಗೆ ಎದ್ದು ಸಾಧನೆಗೆ ಕೂರುತ್ತಿದ್ದ ಹುಡುಗಿ ಮರುದಿನ ಏಳಲಿಲ್ಲ. ಅದರ ಮರುದಿನವೂ ಏಳಲಿಲ್ಲ. ಎಂಟು ವರ್ಷದಿಂದ ಆ ಮನೆಗೆ ಗಡಿಯಾರದಂತಿದ್ದ ತಂಬೂರಿಯ ನಾದ ನಿಂತುಹೋಯಿತು.

ಒಳ್ಳೆಯ ಮೈಕು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಮೇಷ್ಟ್ರು ತೀರ್ಮಾನಿಸಿದರು. ಮಗುವಿನ ನೋವಿಗೆ ಅಂಗಡಿಯಲ್ಲಿ ಔಷಧ ಸಿಗುತ್ತದೆ ಎಂದಾದರೆ ತಂದೆಯಾದವನಿಗೆ ಅದರಷ್ಟು ಸಮಾಧಾನ ಬೇರೆ ಇಲ್ಲ. ಚೀಟಿ ಎತ್ತಿದ 20,000 ರೂಪಾಯಿ ಕೈಯಲ್ಲಿತ್ತು. ಮನೆಗೆ ಸುಣ್ಣ ಬಣ್ಣ ಮಾಡಿಸಲೆಂದು ಇಟ್ಟದ್ದು. ಗೋಡೆ ಇನ್ನೊಂದು ವರ್ಷ ಕಾಯಲಿ ಎಂದುಕೊಂಡರು. ಇನ್ನೊಂದು ಕಾರಣವೂ ಇತ್ತು. ಎರಡು ತಿಂಗಳ ನಂತರದ ಮತ್ತೊಂದು ಸ್ಪರ್ಧೆಗೆ ಮನೆಯಲ್ಲಿಯೇ ಧ್ವನಿಮುದ್ರಿಸಿದ ಹಾಡನ್ನು ಕಳಿಸಬೇಕಿತ್ತು. ಹಾರ್ಮೋನಿಯಂ, ತಬಲ, ಗಾಯನ ಎಲ್ಲವನ್ನೂ ಬೇರೆ ಬೇರೆಯಾಗಿ ಮುದ್ರಿಸಿ ಜೋಡಿಸುವ ಮಲ್ಟಿಟ್ರ್ಯಾಕ್ ಪದ್ಧತಿ. ಅಂದರೆ ವೇದಿಕೆಗೂ ಆಗಬೇಕು, ಮನೆಗೂ ಆಗಬೇಕು. ಅಂಥ ಮೈಕು ಯಾವುದು?

ಸಲಹೆಗಳಿಗೆ ಬರವಿರಲಿಲ್ಲ. ಶಾಲೆಯ ಸಹೋದ್ಯೋಗಿಯೊಬ್ಬರು ಕಂಪ್ಯೂಟರಿಗೆ ನೇರವಾಗಿ ಸಿಕ್ಕಿಸುವ ಯು.ಎಸ್.ಬಿ. ಮೈಕು ಸಾಕೆಂದರು. ಬೆಂಗಳೂರಿನಲ್ಲಿರುವ ಸೋದರಳಿಯ ಸ್ಟುಡಿಯೊಗಳಲ್ಲಿ ತೂಗುಬಿಟ್ಟಿರುವ ದಪ್ಪನೆಯ ಕಂಡೆನ್ಸರ್ ಮೈಕಿಗಿಂತ ಕಡಿಮೆಯದನ್ನು ಮುಟ್ಟಲೇಬಾರದೆಂದ. ನಾಲ್ಕು ಟ್ರ್ಯಾಕ್ ಎಂದರೆ ನಾಲ್ಕು ಮೈಕು ಬೇಕಲ್ಲವೇ ಎಂದು ಮೇಷ್ಟ್ರಿಗೇ ಒಂದು ಅನುಮಾನ ಹುಟ್ಟಿ ಒಂದು ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ ಹೆಂಡತಿ ಹೇಳಿದರು: "ಬೀದಿ ಕೊನೇಲಿ ಮೈಕ್‌ಸೆಟ್ ಅಂಗಡಿ ಇಟ್ಕೊಂಡು ಊರನ್ನೆಲ್ಲ ಕೇಳ್ತೀರಲ್ಲ!"

ಆ ಅಂಗಡಿಯ ಯಜಮಾನರು ನಲವತ್ತು ವರ್ಷದಿಂದ ಆ ಸೀಮೆಯ ಗಣಪತಿ ಪೆಂಡಾಲು, ಮದುವೆ ಮನೆ, ಚುನಾವಣೆ ಭಾಷಣ, ರಾತ್ರಿಯೆಲ್ಲ ನಡೆಯುವ ಕುರುಕ್ಷೇತ್ರ ನಾಟಕ, ಎಲ್ಲಕ್ಕೂ ದನಿ ಕಟ್ಟಿದವರು. ಮೇಷ್ಟ್ರ ಕಥೆಯನ್ನೆಲ್ಲ ಕೇಳಿದರು. ಕೇಳಿ ಒಂದು ಪ್ರಶ್ನೆ ಹಾಕಿದರು: "ಮೈಕು ಅಂದ್ರೆ ಬಾಯೋ ಕಿವಿಯೋ, ಮೇಷ್ಟ್ರೇ?"

"ಬಾಯಿ" ಎಂದರು ಮೇಷ್ಟ್ರು, ಇದೇನು ಪ್ರಶ್ನೆ ಎಂಬಂತೆ.

"ಅಲ್ಲೇ ಎಡವಿದ್ರಿ. ಬಾಯಿ ಅನ್ನೋದು ಸ್ಪೀಕರು. ಮೈಕು ಕಿವಿ. ನೀವು ಮಗಳಿಗೆ ಬಾಯಿ ಕೊಳ್ಳೋಕೆ ಬಂದಿದೀರಿ. ಅದನ್ನ ದೇವರು ಕೊಟ್ಟಾಗಿದೆ. ಅದು ಹೇಳಿದ್ದನ್ನ ಕೇಳಿಸ್ಕೊಳ್ಳೋ ಕಿವಿ ಯಾವುದು ಅಂತ ನೋಡೋಣ. ಮಗೂನ ಕರಕೊಂಡು ಬನ್ನಿ."

ಮಗಳು ಬಂದಳು, ಅರೆಮನಸ್ಸಿನಿಂದಲೇ. ಯಜಮಾನರು ಒಂದು ಸಣ್ಣ ಸೆಟ್ಟು ಜೋಡಿಸಿ ಕೈಗೆ ಮೈಕು ಕೊಟ್ಟರು. ಹುಡುಗಿ ಟೀವಿಯಲ್ಲಿ ನೋಡಿದವರಂತೆ ಮೈಕಿನ ಜಾಲರಿಯ ತಲೆಯನ್ನು ಮುಷ್ಟಿಯಲ್ಲಿ ಹಿಡಿದಳು. ಕುಂಯ್! ಅವರು ನಗುತ್ತ ಅವಳ ಬೆರಳುಗಳನ್ನು ಬಿಡಿಸಿ ಕೆಳಗಿನ ಹಿಡಿಗೆ ತಂದರು. ಕಿರುಚಾಟ ನಿಂತಿತು. ಗುಂಡಿ ಮುಟ್ಟಿರಲಿಲ್ಲ, ಮೈಕು ಬದಲಾಗಿರಲಿಲ್ಲ.

ಇದರ ಗುಟ್ಟು ಸರಳ. ಸ್ಪೀಕರಿನಿಂದ ಹೊರಟ ದನಿ ಮತ್ತೆ ಮೈಕನ್ನು ಹೊಕ್ಕು, ಅಲ್ಲಿಂದ ಆಂಪ್ಲಿಫೈಯರಿಗೆ ಹೋಗಿ ದೊಡ್ಡದಾಗಿ, ಮತ್ತೆ ಸ್ಪೀಕರಿನಿಂದ ಹೊರಬಂದು ಮತ್ತೆ ಮೈಕನ್ನು ಹೊಕ್ಕುತ್ತದೆ. ಈ ಗಾಣ ಒಂದೊಂದು ಸುತ್ತಿಗೂ ಬೆಳೆಯುತ್ತ ಹೋದರೆ ಅದೇ ಕಿರುಚಾಟ. ಇದನ್ನು ತಡೆಯಲೆಂದೇ ಹಾಡುವ ಮೈಕುಗಳಿಗೆ ಮುಂದೆ ಕಿವಿ ಚುರುಕು, ಹಿಂದೆ ಕಿವುಡು ಇರುವಂತೆ ಮಾಡಿರುತ್ತಾರೆ. ಅದು ಯಾವ ದಿಕ್ಕಿಗೆ ಎಷ್ಟು ಕೇಳಿಸಿಕೊಳ್ಳುತ್ತದೆ ಎಂದು ಚಿತ್ರ ಬರೆದರೆ ಹೃದಯದ ಆಕಾರ ಬರುತ್ತದೆ. ಆದ್ದರಿಂದಲೇ ಕಾರ್ಡಿಯಾಯ್ಡ್ ಎಂಬ ಹೆಸರು. ಈ ಗುಣ ಬರುವುದು ಜಾಲರಿಯ ಹಿಂಬದಿಯಿಂದಲೂ ಗಾಳಿಗೆ ದಾರಿ ಇರುವುದರಿಂದ. ಮುಷ್ಟಿಯಿಂದ ಆ ದಾರಿ ಮುಚ್ಚಿದರೆ ಮೈಕು ಎಲ್ಲ ದಿಕ್ಕಿನ ದನಿಯನ್ನೂ ಕೇಳತೊಡಗುತ್ತದೆ, ಸ್ಪೀಕರಿನದನ್ನೂ. ಸೂಪರ್ ಕಾರ್ಡಿಯಾಯ್ಡ್ ಎಂಬ ಇನ್ನೊಂದು ಬಗೆಯಿದೆ. ಅದರ ಮುಂದಿನ ದೃಷ್ಟಿ ಇನ್ನೂ ಕಿರಿದು, ಆದರೆ ನೇರ ಹಿಂದಿನಿಂದ ಸ್ವಲ್ಪ ಕೇಳಿಸಿಕೊಳ್ಳುತ್ತದೆ. ಆದ್ದರಿಂದ ಗಾಯಕಿಯ ಎದುರಿಗೆ ಇಡುವ ಮಾನಿಟರ್ ಪೆಟ್ಟಿಗೆಯನ್ನು ಮೊದಲ ಬಗೆಯ ಮೈಕಿಗೆ ನೇರ ಹಿಂದೆ, ಎರಡನೆಯದಕ್ಕೆ ಹಿಂಬದಿಯ ಓರೆಗೆ ಇಡಬೇಕು. ಮೈಕಿನ ಕಿವುಡು ಎಲ್ಲಿದೆ ಎಂದು ತಿಳಿಯದವನು ಎಷ್ಟು ಬೆಲೆಯ ಮೈಕು ಕೊಂಡರೂ ಅದು ಕಿರುಚಿಯೇ ತೀರುತ್ತದೆ.

"ಇನ್ನು ಕ್ಷೀಣದ ವಿಷಯ" ಎಂದು ಯಜಮಾನರು ಒಂದು ಚೀಟಿಯ ಮೇಲೆ ಲೆಕ್ಕ ಬರೆದರು. ತುಟಿಗೂ ಮೈಕಿಗೂ ಇರುವ ದೂರ ಇಮ್ಮಡಿಯಾದರೆ ತೆರೆದ ಜಾಗದ ಲೆಕ್ಕದಲ್ಲಿ ದನಿ 6 ಡೆಸಿಬಲ್ ಇಳಿಯುತ್ತದೆ. ಎರಡು ಇಂಚಿನಿಂದ ನಾಲ್ಕಕ್ಕೆ 6, ನಾಲ್ಕರಿಂದ ಎಂಟಕ್ಕೆ ಇನ್ನೊಂದು 6, ಎಂಟರಿಂದ ಹದಿನಾರಕ್ಕೆ ಮತ್ತೊಂದು 6. ಬೆದರಿದ ಹುಡುಗಿ ಮೈಕನ್ನು ದೂರ ಹಿಡಿದಾಗ ಅದಕ್ಕೆ ತಲುಪಿದ ದನಿಯ ಒತ್ತಡ ಎಂಟರಲ್ಲಿ ಒಂದು ಪಾಲು ಮಾತ್ರ. "ತೀರ್ಪುಗಾರರು ಕೇಳಿದ್ದು ನಿನ್ನ ಶಾರೀರಾನ ಅಲ್ಲ ಮಗೂ, ನಿನ್ನ ಮೊಣಕೈನ" ಎಂದರು.

ಹುಡುಗಿ ಆ ಚೀಟಿಯನ್ನು ಮಡಿಸಿ ಪುಸ್ತಕದಲ್ಲಿಟ್ಟುಕೊಂಡಳು.

ಅಲ್ಲಿಗೆ ಮೈಕು ಕೊಳ್ಳುವ ಮಾತು ಮುಗಿಯಬಹುದಿತ್ತು. ಆದರೆ ಯಜಮಾನರು ಒಂದು ವಾರ ತಮ್ಮ ಹಳೆಯ ಮೈಕನ್ನು ಕೊಟ್ಟು ದಿನವೂ ಸಂಜೆ ಹಾಡಿಸಿದರು. ಮೂರು ಬೆರಳು ದೂರದಲ್ಲಿ ಮಂದ್ರ, ಕೂಗಿ ಹಾಡುವ ತಾರಕ್ಕೆ ಒಂದು ಗೇಣು. ಹತ್ತಿರ ಹಾಡಿದಷ್ಟೂ ಈ ಜಾತಿಯ ಮೈಕು ಕೆಳಗಿನ ಸ್ವರಗಳನ್ನು ಉಬ್ಬಿಸುತ್ತದೆ. ತೆಳು ದನಿಗೆ ಅದು ವರ, ಮೊದಲೇ ಗಡಸು ದನಿಯವರಿಗೆ ಶಾಪ. 'ಪ', 'ಫ', 'ಬ', 'ಭ'ಗಳಲ್ಲಿ ತುಟಿಯಿಂದ ನುಗ್ಗುವ ಗಾಳಿ 'ಧಬ್' ಎಂದು ಬಡಿಯುತ್ತದೆ. ಮಹಾಪ್ರಾಣಗಳಿರುವ ಕನ್ನಡದಲ್ಲಿ 'ಭಾವ' ಎನ್ನುವಾಗಲೇ ಭಾವ ಕೆಡುವುದುಂಟು. ಮೈಕನ್ನು ತುಟಿಗೆ ನೇರ ಹಿಡಿಯದೆ ಬಾಯಿಯ ಓರೆಯಿಂದ ಹಿಡಿದರೆ ಗಾಳಿ ಪಕ್ಕಕ್ಕೆ ಹೋಗಿ ದನಿ ಮಾತ್ರ ಒಳಗೆ ಬರುತ್ತದೆ. ಇದಕ್ಕೆಲ್ಲ ಒಂದು ಪೈಸೆ ಖರ್ಚಿಲ್ಲ.

ಯೋಚಿಸಿದರೆ, ಮೈಕು ಬರುವ ಮುಂಚೆ ಹಾಡುಗಾರಿಕೆಯ ದಾರಿಯೇ ಬೇರೆಯಾಗಿತ್ತು. ತುಮಕೂರಿನ ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯ ಮೊದಲ ತಲೆಮಾರಿನ ನಟರು ಕೊನೆಯ ಸಾಲಿನ ಚಾಪೆಯವನಿಗೂ ಕೇಳುವಂತೆ ಕಂಠ ಎತ್ತಬೇಕಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನ್ ತಟ್ಟೆಗೆ ಹಾಡಿದಾಗಲೂ ಮೈಕಿರಲಿಲ್ಲ. ದೊಡ್ಡ ಕಹಳೆಯೊಂದರ ಬಾಯೊಳಗೆ ಹಾಡಬೇಕಿತ್ತು. ವಿದ್ಯುತ್ ಮೈಕಿನಿಂದ ತಟ್ಟೆ ಮುದ್ರಿಸುವ ಪದ್ಧತಿ ಬಂದದ್ದು 1925ರಲ್ಲಿ. ಅದಾದ ಮೇಲೆಯೇ ಸಾವಿರ ಜನರ ನಡುವೆಯೂ ಒಬ್ಬರ ಕಿವಿಯಲ್ಲಿ ಹೇಳಿದ ಹಾಗೆ ಹಾಡುವುದು ಸಾಧ್ಯವಾಯಿತು. ನಮ್ಮ ಭಾವಗೀತೆಯ ಮೆಲುದನಿ, ಸಾಲಿನ ಕೊನೆಯಲ್ಲಿ ಅರ್ಧ ಉಸಿರಿಗೆ ಇಳಿಸುವ ಆ ಸೊಗಸು, ಮೈಕಿನ ಋಣ. ಹಾಗಾಗಿ ಸುಗಮ ಸಂಗೀತದ ವಿದ್ಯಾರ್ಥಿಗೆ ಮೈಕು ಹಿಡಿಯುವುದೂ ಪಾಠದ ಒಂದು ಭಾಗ. ಅದನ್ನು ಹೇಳಿಕೊಡುವವರು ಕಡಿಮೆ, ಅಷ್ಟೇ.

ವಾರ ಕಳೆದ ಮೇಲೆ ಯಜಮಾನರು ಎರಡು ಮೈಕುಗಳನ್ನು ಮೇಜಿನ ಮೇಲಿಟ್ಟರು. ಒಂದು ಡೈನಮಿಕ್, ಇನ್ನೊಂದು ಕಂಡೆನ್ಸರ್.

ಡೈನಮಿಕ್ ಮೈಕಿನೊಳಗೆ ಒಂದು ತೆಳು ಪೊರೆ, ಅದಕ್ಕಂಟಿದ ತಂತಿಸುರುಳಿ, ಸುತ್ತ ಅಯಸ್ಕಾಂತ. ದನಿ ಪೊರೆಯನ್ನು ನಡುಗಿಸಿದರೆ ಸುರುಳಿ ಅಯಸ್ಕಾಂತದ ನಡುವೆ ಆಡಿ ವಿದ್ಯುತ್ ಹುಟ್ಟುತ್ತದೆ. ವಿಜ್ಞಾನದ ವಿದ್ಯಾರ್ಥಿನಿಗೆ ಫ್ಯಾರಡೆಯ ನಿಯಮ ಕೈಯಲ್ಲಿ ಸಿಕ್ಕಂತಾಯಿತು. ಇದಕ್ಕೆ ಹೊರಗಿನ ವಿದ್ಯುತ್ ಬೇಡ. ಬಿದ್ದರೂ ಬೇಗ ಕೆಡದು, ಬೆವರು, ಧೂಳಿಗೂ ಜಗ್ಗದು. ಸುರುಳಿಯ ಭಾರದಿಂದಾಗಿ ಬಹಳ ನವಿರಾದ ಮೇಲಿನ ಕಂಪನಗಳಿಗೆ ಇದು ಸ್ವಲ್ಪ ನಿಧಾನ. 1966ರಲ್ಲಿ ಬಂದು ಇಂದಿಗೂ ಜಗತ್ತಿನ ವೇದಿಕೆಗಳಲ್ಲಿ ಕಾಣುವ ಶೂರ್ ಎಸ್ಎಂ58 ಈ ಜಾತಿಯದು. ಅದು ಕೇಳಿಸಿಕೊಳ್ಳುವುದು 50ರಿಂದ 15,000 ಹರ್ಟ್ಸ್‌ವರೆಗೆ.

ಕಂಡೆನ್ಸರ್ ಮೈಕಿನಲ್ಲಿ ಸುರುಳಿಯಿಲ್ಲ. ಕೆಲವೇ ಮೈಕ್ರಾನ್ ದಪ್ಪದ ಪೊರೆ, ಅದರ ಹಿಂದೆ ಕೂದಲೆಳೆಯ ಅಂತರದಲ್ಲಿ ಒಂದು ಫಲಕ. ಅಂತರ ಹೆಚ್ಚು ಕಡಿಮೆಯಾದಂತೆ ಧಾರಕತೆ ಬದಲಾಗಿ ಸಂಕೇತ ಹುಟ್ಟುತ್ತದೆ. ಇದನ್ನು 1916ರಲ್ಲಿ ರೂಪಿಸಿದವರು ಅಮೆರಿಕದ ಇ. ಸಿ. ವೆಂಟ್. ಭಾರವಿಲ್ಲದ ಪೊರೆಯಾದ್ದರಿಂದ ತುಟಿ ಬಿಡಿಸಿದ ಸದ್ದನ್ನೂ ಹಿಡಿಯುತ್ತದೆ. ಇದಕ್ಕೆ ಸಾಮಾನ್ಯವಾಗಿ ಅದೇ ಕೇಬಲ್ಲಿನ ಮೂಲಕ 48 ವೋಲ್ಟ್ ಕೊಡಬೇಕು. ಕಣ್ಣಿಗೆ ಕಾಣದೆ ಬರುವುದರಿಂದಲೋ ಏನೋ ಅದಕ್ಕೆ ಫ್ಯಾಂಟಮ್ ಪವರ್, ಅಂದರೆ ಭೂತದ ಶಕ್ತಿ ಎನ್ನುತ್ತಾರೆ.

"ಎರಡನ್ನೂ ಮನೆಗೆ ತಗೊಂಡು ಹೋಗಿ. ಒಂದೇ ಜಾಗ, ಒಂದೇ ಹಾಡು, ಎರಡರಲ್ಲೂ ಮುದ್ರಿಸಿ ಕೇಳಿ. ಆಮೇಲೆ ಮಾತು" ಎಂದರು ಯಜಮಾನರು. ಲ್ಯಾಪ್‌ಟಾಪಿಗೆ ಜೋಡಿಸುವ ಇಂಟರ್‌ಫೇಸ್ ಪೆಟ್ಟಿಗೆಯನ್ನೂ ಕೊಟ್ಟು ಕಳಿಸಿದರು.

ಮೊದಲು ಕಂಡೆನ್ಸರ್. ಸ್ಟುಡಿಯೊದಲ್ಲಿ ನೋಡಿದಂತೆ ಒಂದು ಗೇಣು ದೂರ ನಿಲ್ಲಿಸಿ ಮಗಳು ಒಂದು ಚರಣ ಹಾಡಿದಳು. ಹೆಡ್‌ಫೋನ್ ಹಾಕಿ ಕೇಳಿದ ಮೇಷ್ಟ್ರ ಮುಖ ಅರಳಿತು. ದನಿಯ ಒಂದೊಂದು ಎಳೆಯೂ ಎದ್ದು ಕಾಣುತ್ತಿತ್ತು. ಆದರೆ ಎರಡನೆಯ ಸಲ ಕೇಳಿದಾಗ ಬೇರೆ ಏನೇನೋ ಕೇಳತೊಡಗಿತು. ತಲೆಯ ಮೇಲಿನ ಫ್ಯಾನು. ಅಡಿಗೆಮನೆಯ ಕುಕ್ಕರು, ಒಂದಲ್ಲ, ಎರಡು ಸೀಟಿ. ಹೆದ್ದಾರಿಯ ಲಾರಿ. ಪಕ್ಕದ ಮನೆಯವರ ನಲ್ಲಿಯಲ್ಲಿ ನೀರು ಬಂದ ಸದ್ದು. ಬೋಳು ಗೋಡೆಗೆ ತಗುಲಿ ಮರಳಿ ಬಂದ ಹಾಡಿನ ಪ್ರತಿಧ್ವನಿ, ಹಾಡನ್ನು ಯಾರೋ ಬಚ್ಚಲುಮನೆಯಲ್ಲಿ ಹಾಡಿದಂತೆ ಮಾಡಿತ್ತು. ಇಷ್ಟು ವರ್ಷ ಅದೇ ಮನೆಯಲ್ಲಿದ್ದೂ ಅದು ಇಷ್ಟು ಗದ್ದಲದ ಮನೆ ಎಂದು ಅವರಿಗೆ ಗೊತ್ತಿರಲಿಲ್ಲ. "ನಿಮಗೆ ಗೊತ್ತಿರಲಿಲ್ಲ" ಎಂದರು ಅವರ ಹೆಂಡತಿ.

ಆಮೇಲೆ ಡೈನಮಿಕ್, ಮೂರು ಬೆರಳು ದೂರದಲ್ಲಿ. ಎಳೆಗಳು ಅಷ್ಟು ಹೊಳೆಯಲಿಲ್ಲ. ಮೇಲಿನ ಗಾಳಿಯಂಥ ನುಣುಪು ಒಂದಿಷ್ಟು ಹೋಗಿತ್ತು. ಆದರೆ ಕುಕ್ಕರು ದೂರದ ಊರಿಗೆ ಹೋಗಿತ್ತು, ಗೋಡೆಯ ಪ್ರತಿಧ್ವನಿ ಅಡಗಿತ್ತು. ಉಳಿದದ್ದು ಮಗಳು ಮತ್ತು ಹಾಡು.

ಡೈನಮಿಕ್ ಮೈಕಿಗೆ ಗದ್ದಲ ಓಡಿಸುವ ಮಂತ್ರವೇನೂ ಗೊತ್ತಿಲ್ಲ. ಬಾಯಿಗೆ ಹತ್ತಿರ ಹಿಡಿದು ಹಾಡುವುದರಿಂದ ದನಿಯೇ ಬಲವಾಗಿ, ಯಂತ್ರದ ಗುಂಡಿಯನ್ನು ಅಷ್ಟು ಏರಿಸಬೇಕಾಗುವುದಿಲ್ಲ. ಕೋಣೆಯ ಸದ್ದು ಹಿಂದೆ ಬೀಳುತ್ತದೆ. ಹಾಗೆ ಹತ್ತಿರ ಹಾಡಿಸಿಕೊಳ್ಳಲೆಂದೇ ಅದನ್ನು ಮಾಡಿದ್ದಾರೆ. ಸ್ಟುಡಿಯೊ ಎಂದರೆ ಕಂಡೆನ್ಸರೇ ಆಗಬೇಕೆಂಬ ಮಾತಿಗೂ ಅಪವಾದವಿದೆ. 1982ರಲ್ಲಿ ಬಂದ ಮೈಕೆಲ್ ಜಾಕ್ಸನ್ನನ 'ಥ್ರಿಲ್ಲರ್' ಆಲ್ಬಮ್ಮಿಗೆ ಧ್ವನಿ ತಂತ್ರಜ್ಞ ಬ್ರೂಸ್ ಸ್ವೀಡಿಯೆನ್ ಗಾಯನ ಮುದ್ರಿಸಲು ಬಳಸಿದ ಶೂರ್ ಎಸ್ಎಂ7 ಡೈನಮಿಕ್ ಜಾತಿಯದೇ. ಸದ್ದಿಲ್ಲದ, ಹದಗೊಳಿಸಿದ ಕೋಣೆ ಇರುವವರಿಗೆ ಕಂಡೆನ್ಸರ್ ಕಣ್ಣಿನಷ್ಟು ಪ್ರಿಯವಾದೀತು. ಕುಕ್ಕರು ಕೂಗುವ ಮನೆಯವರಿಗೆ ಎಲ್ಲವನ್ನೂ ಕೇಳಿಸಿಕೊಳ್ಳುವ ಕಿವಿಗಿಂತ ಬೇಕಾದದ್ದನ್ನಷ್ಟೇ ಕೇಳಿಸಿಕೊಳ್ಳುವ ಕಿವಿ ಮೇಲು.

ಇನ್ನು ನಾಲ್ಕು ಟ್ರ್ಯಾಕಿಗೆ ನಾಲ್ಕು ಮೈಕು ಎಂಬ ಭಯ. ನಾಲ್ಕು ಜನ ಒಟ್ಟಿಗೆ ಹಾಡಿ ನುಡಿಸುವುದಾದರೆ ಅದು ನಿಜ. ಆದರೆ ಮಲ್ಟಿಟ್ರ್ಯಾಕಿನ ಸೌಕರ್ಯವಿರುವುದೇ ಒಂದರ ನಂತರ ಒಂದನ್ನು ಮುದ್ರಿಸುವುದರಲ್ಲಿ. ಹಿಂದೆ ಕನ್ನಡ ಚಿತ್ರಗೀತೆಗಳು ಮದ್ರಾಸಿನ ಸ್ಟುಡಿಯೊಗಳಲ್ಲಿ ಮುದ್ರಣವಾಗುತ್ತಿದ್ದ ಕಾಲದಲ್ಲಿ ಗಾಯಕರೂ ವಾದ್ಯದವರೂ ಒಟ್ಟಿಗೆ ಹಾಡಿ ನುಡಿಸಬೇಕಿತ್ತು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ. ಎಂಟು ಟ್ರ್ಯಾಕುಗಳ ಟೇಪ್ ಯಂತ್ರವನ್ನು ಆಂಪೆಕ್ಸ್ ಕಂಪನಿ 1957ರಲ್ಲಿ ಗಿಟಾರ್ ವಾದಕ ಲೆಸ್ ಪಾಲ್‌ಗೆ ಮಾಡಿಕೊಟ್ಟಿತು. ಒಬ್ಬನೇ ಕುಳಿತು ತನ್ನ ಜೊತೆಗೆ ತಾನೇ ನುಡಿಸುವುದು ಅವನ ಹವ್ಯಾಸ. ಈಗ ಅದೇ ಕೆಲಸವನ್ನು ಮನೆಯ ಲ್ಯಾಪ್‌ಟಾಪ್ ಮಾಡುತ್ತದೆ. ಮಗಳು ತಾನೇ ಹಾರ್ಮೋನಿಯಂ ನುಡಿಸುತ್ತಾಳೆ, ಚಿಕ್ಕಪ್ಪನ ಮಗ ತಬಲ. ಒಂದು ಸಲಕ್ಕೆ ಒಂದು ವಾದ್ಯ. ಹಾಗಾಗಿ ಒಂದು ಮೈಕು ಸಾಕು.

ಆದರೆ ಈ ಪದ್ಧತಿ ಇನ್ನೊಂದು ಎಚ್ಚರ ಬೇಡುತ್ತದೆ. ಪ್ರತಿ ಟ್ರ್ಯಾಕೂ ಕೋಣೆಯ ಸದ್ದನ್ನು ತನ್ನ ಜೊತೆ ಹೊತ್ತು ತರುತ್ತದೆ. ಟ್ರ್ಯಾಕುಗಳನ್ನು ಒಂದರ ಮೇಲೊಂದು ಜೋಡಿಸಿದಾಗ ಆ ಸದ್ದೂ ಸೇರುತ್ತದೆ. ಒಂದೇ ಮಟ್ಟದ ಗದ್ದಲವಿರುವ ಟ್ರ್ಯಾಕುಗಳು ಇಮ್ಮಡಿಯಾದಂತೆಲ್ಲ ಗದ್ದಲ 3 ಡೆಸಿಬಲ್ ಏರುತ್ತದೆ. ಎರಡಕ್ಕೆ 3, ನಾಲ್ಕಕ್ಕೆ 6, ಎಂಟಕ್ಕೆ 9. ಒಂದು ಟ್ರ್ಯಾಕಿನಲ್ಲಿ ಯಾರೂ ಗಮನಿಸದ ಫ್ಯಾನು ನಾಲ್ಕು ಟ್ರ್ಯಾಕಿನಲ್ಲಿ ಐದನೆಯ ವಾದ್ಯವಾಗಿಬಿಡುತ್ತದೆ. ಇನ್ನೊಂದು ಸೋರಿಕೆ ಹೆಡ್‌ಫೋನಿನದು. ಮೊದಲೇ ಮುದ್ರಿಸಿದ ತಬಲವನ್ನು ಕೇಳುತ್ತ ಹಾಡುವಾಗ ಅದು ಹೆಡ್‌ಫೋನಿನಿಂದ ಸೋರಿ ಮತ್ತೆ ಮೈಕನ್ನು ಸೇರಬಾರದು. ಆದ್ದರಿಂದ ಕಿವಿಯನ್ನು ಪೂರ್ತಿ ಮುಚ್ಚುವ ಬಗೆಯ ಹೆಡ್‌ಫೋನ್ ಬೇಕು. ಮೈಕಿಗೆ ಇಟ್ಟ ಹಣವನ್ನೆಲ್ಲ ಮೈಕಿಗೇ ಸುರಿಯಬಾರದು ಎನ್ನುವುದು ಇದಕ್ಕೇ.

ಒಂದು ಶನಿವಾರ ತಂದೆ ಮಗಳು ಬೆಳಗಿನ ರೈಲು ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರು. ಮೊದಲು ಹೊಕ್ಕ ಅಂಗಡಿಯಲ್ಲಿ ಹೆಸರಾಂತ ಮೈಕೊಂದನ್ನು ಅರ್ಧಕ್ಕಿಂತ ಕಡಿಮೆ ಬೆಲೆಗೆ ಕೊಡಲು ಬಂದರು. ಬಿಲ್ಲಿಲ್ಲ, ಖಾತರಿಯಿಲ್ಲ. ಹೆಸರು ಮಾಡಿದ ಮೈಕುಗಳಿಗೆಲ್ಲ ನಕಲಿ ಹುಟ್ಟಿರುತ್ತದೆ. ಹೊರಗೆ ಅದೇ ಜಾಲರಿ, ಅದೇ ಅಕ್ಷರ, ಒಳಗೆ ಬೇರೆ ಹೂರಣ. ಯಜಮಾನರು ಮೊದಲೇ ಎಚ್ಚರಿಸಿದ್ದರಿಂದ ಮೇಷ್ಟ್ರು ಕೈಮುಗಿದು ಹೊರಬಂದರು.

ಎರಡನೆಯ ಅಂಗಡಿಯಲ್ಲಿ ಹಾಡಿ ನೋಡಲು ಬಿಟ್ಟರು. ಮೂರು ಡೈನಮಿಕ್ ಮೈಕುಗಳು, ಮೂರು ಬೆಲೆ. ಮೇಷ್ಟ್ರು ಮಗಳಿಗೆ ಬೆನ್ನು ಮಾಡಿ ನಿಂತು, ಯಾವುದು ಎಂದು ನೋಡದೆ ಕೇಳಿದರು. ಒಂದೇ ಸಾಲು, ಒಂದೇ ದೂರ, ಮೂರಕ್ಕೂ ಒಂದೇ ಮಟ್ಟದ ದನಿ. ಈ ಕೊನೆಯದು ಮುಖ್ಯ. ತುಸು ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಎಂದು ಮನುಷ್ಯರ ಕಿವಿ ಮೋಸ ಹೋಗುತ್ತದೆ. ಮೇಷ್ಟ್ರು ಎರಡನೆಯದು ಎಂದರು. ಮಗಳೂ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದಳು. ತುಂಬ ಹೊಳಪಿನ ಮೂರನೆಯದು ಅವಳ 'ಸ', 'ಶ'ಗಳನ್ನು ಸೂಜಿಯಂತೆ ಚುಚ್ಚುವಂತೆ ಮಾಡುತ್ತಿತ್ತು. ಎರಡನೆಯದು ಬೆಲೆಯಲ್ಲಿ ನಡುವಿನದು. ಅವರವರ ದನಿಗೆ ಅವರವರ ಮೈಕು ಎನ್ನುವುದು ಹೀಗೆಯೇ. ಇನ್ನೊಬ್ಬರ ಕನ್ನಡಕವನ್ನು ಬೆಲೆ ಹೆಚ್ಚಿನದೆಂದು ಹಾಕಿಕೊಳ್ಳಲಾದೀತೇ?

ಮೈಕಿಗೆ ಇಟ್ಟ ಹಣದ ಅರ್ಧಕ್ಕಿಂತ ಕಡಿಮೆ ಖರ್ಚಾಯಿತು. ಉಳಿದದ್ದರಲ್ಲಿ ಮೂರು ಮುಳ್ಳಿನ ಎಕ್ಸ್ಎಲ್ಆರ್ ಕೇಬಲ್. ಎರಡೂ ತುದಿಗೆ ಆ ಮುಳ್ಳೇ ಇದ್ದರೆ ಉದ್ದದ ತಂತಿಯಲ್ಲೂ ಕರೆಂಟಿನ ಗುಂಯ್‌ಗಾಟ ಸೇರುವುದು ಕಡಿಮೆ. ಅಲುಗಾಡದ ಒಂದು ಸ್ಟ್ಯಾಂಡು, ಕಿವಿ ಮುಚ್ಚುವ ಹೆಡ್‌ಫೋನು, ಒಂದು ಇಂಟರ್‌ಫೇಸ್. ಡೈನಮಿಕ್ ಮೈಕಿನ ಸಂಕೇತ ಕಂಡೆನ್ಸರಿನದಕ್ಕಿಂತ ಬಹಳ ದುರ್ಬಲ. ಇಂಟರ್‌ಫೇಸಿಗೆ ಅದನ್ನು ಎತ್ತುವ ಶಕ್ತಿ ಸಾಲದಿದ್ದರೆ 'ಸುಯ್' ಎಂಬ ಸದ್ದು ಹಾಡಿನ ಕೆಳಗೆ ಹರಿಯುತ್ತಲೇ ಇರುತ್ತದೆ. ಅದನ್ನೂ ಅಂಗಡಿಯಲ್ಲೇ ಕೇಳಿ ನೋಡಿದರು. ಸಹೋದ್ಯೋಗಿ ಹೇಳಿದ ಯು.ಎಸ್.ಬಿ. ಮೈಕು ಕಂಪ್ಯೂಟರಿಗೇನೋ ಸಲೀಸು. ಆದರೆ ಎಕ್ಸ್ಎಲ್ಆರ್ ಮುಳ್ಳೂ ಜೊತೆಗಿದ್ದರೆ ಸರಿ, ಇಲ್ಲವಾದರೆ ಅದನ್ನು ಕಾಲೇಜಿನ ವೇದಿಕೆಯ ಮಿಕ್ಸರಿಗೆ ಸಿಕ್ಕಿಸಲಾಗದು. ಮನೆಗೆ ಬರುವಾಗ ಸುಣ್ಣ ಬಣ್ಣದ ಹಣದಲ್ಲಿ ಒಂದಿಷ್ಟು ಇನ್ನೂ ಉಳಿದಿತ್ತು.

ಧ್ವನಿಮುದ್ರಣಕ್ಕೆ ಗೊತ್ತಾದದ್ದು ರಾತ್ರಿ ಹನ್ನೊಂದರ ಮೇಲೆ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು, ಹಿಂದಿನ ಗೋಡೆಗೆ ಎರಡು ರಜಾಯಿ ತೂಗುಹಾಕಿ, ಮೈಕಿನ ಕಿವುಡು ಬೆನ್ನನ್ನು ಕಿಟಕಿಯ ಕಡೆಗೆ ತಿರುಗಿಸಿದರು. ಫ್ರಿಜ್ಜಿನ ಸ್ವಿಚ್ಚು ಆರಿಸುವುದು ತಾಯಿಯ ಪಾಲಿನ ಕೆಲಸ, ಫ್ಯಾನು ಆರಿಸುವುದು ಮೇಷ್ಟ್ರ ಪಾಲಿನದು. ಮಟ್ಟದ ಸೂಜಿ ಎಷ್ಟು ಏರಿದರೂ ಸೊನ್ನೆಗಿಂತ 6 ಡೆಸಿಬಲ್ ಕೆಳಗೇ ಇರಬೇಕು. ಒಮ್ಮೆ ಒಡೆದ ದನಿಯನ್ನು ಯಾವ ಯಂತ್ರವೂ ಕೂಡಿಸಲಾರದು. ಮೊದಲು ತಂಬೂರಿಯ ಶ್ರುತಿ ಹೆಡ್‌ಫೋನಿಗೆ. ಅದನ್ನು ಕೇಳುತ್ತ ಹಾರ್ಮೋನಿಯಂ. ಬಾತಿಯ ಉಸಿರು ಕೇಳದಿರಲೆಂದು ಮೈಕು ಒಂದಡಿ ದೂರ. ಆಮೇಲೆ ತಬಲ. ಕೊನೆಗೆ ಗಾಯನ. ಮೂರು ರಾತ್ರಿ ಹಿಡಿಯಿತು.

ಗಾಯನದ ಟ್ರ್ಯಾಕನ್ನು ಬೇರೆಯಾಗಿ ಕೇಳಿದಾಗ ಮೇಷ್ಟ್ರು ಬಹಳ ಹೊತ್ತು ಮಾತನಾಡಲಿಲ್ಲ. ಎಂಟು ವರ್ಷ ಆ ದನಿಯನ್ನು ಅವರು ಹಲ್ಲುಜ್ಜುತ್ತ, ಪೇಪರ್ ಓದುತ್ತ, ಸೈಕಲ್ ಒರೆಸುತ್ತ ಕೇಳಿದ್ದರು. ಕೈ ಕಟ್ಟಿ ಕುಳಿತು ಕೇಳಿದ್ದು ಅದೇ ಮೊದಲು. ಎತ್ತರದ ಸ್ವರಕ್ಕೆ ಹೋಗುವ ಮುನ್ನ ಹುಡುಗಿ ಒಂದು ಕ್ಷಣ ಹಿಂಜರಿಯುತ್ತಾಳೆ, ಹಿಂಜರಿದು ಹೋಗಿಯೇ ಹೋಗುತ್ತಾಳೆ. ಅದನ್ನು ಅವರು ಗಮನಿಸಿಯೇ ಇರಲಿಲ್ಲ. ಹಾಡು ಶುರುವಾಗುವ ಮುಂಚೆ ಸಣ್ಣದಾಗಿ 'ಟಕ್' ಎಂಬ ಸದ್ದೊಂದಿತ್ತು. ಅವರು ಫ್ಯಾನು ಆರಿಸಿದ್ದು. ಅಳಿಸಿಬಿಡು ಎಂದರು. ಮಗಳು ಕಳಿಸುವ ಪ್ರತಿಯಲ್ಲಿ ಅಳಿಸಿ, ಮನೆಯ ಪ್ರತಿಯಲ್ಲಿ ಹಾಗೆಯೇ ಇಟ್ಟುಕೊಂಡಳು.

ಕಳಿಸಿದ ಹಾಡಿಗೆ ಬಹುಮಾನ ಬಂತೇ ಎಂದು ಓದುಗರು ಕೇಳಿಯಾರು. ಬರಲಿಲ್ಲ. ಆದರೆ ಅದೇ ವರ್ಷ ಇನ್ನೊಂದು ಕಾಲೇಜಿನ ವೇದಿಕೆಗೆ ಹುಡುಗಿ ಹತ್ತಿದಳು. ಅಲ್ಲಿದ್ದದ್ದು ಕಾಲೇಜಿನದೇ ಹಳೆಯ ಮೈಕು. ಅವಳದು ಚೀಲದಲ್ಲೇ ಉಳಿಯಿತು. ಸ್ಪೀಕರುಗಳು ಎಲ್ಲಿವೆ ಎಂದು ಒಮ್ಮೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದು, ಮೈಕಿನ ಹಿಡಿಯನ್ನು ಹಿಡಿದು, ಮೂರು ಬೆರಳು ದೂರಕ್ಕೆ ತಂದು ಹಾಡಿದಳು. ಮೈಕು ಕಿರುಚಲಿಲ್ಲ. ಕೊನೆಯ ಸಾಲಿನಲ್ಲಿ ಕುಳಿತಿದ್ದ ಮೇಷ್ಟ್ರಿಗೆ, ಸಾಲಿನ ಕೊನೆಗೆ ಅವಳು ಇಳಿಸಿದ ಅರ್ಧ ಉಸಿರೂ ಕೇಳಿಸಿತು.

ಆ ಸಲದ ತೀರ್ಪುಗಾರರ ಹಾಳೆಯಲ್ಲಿ 'ಎರಡನೆಯ ಚರಣದಲ್ಲಿ ತಾಳ ಜಾರಿದೆ' ಎಂದು ಬರೆದಿತ್ತು. ಮನೆಯಲ್ಲಿ ಅದನ್ನು ಓದಿ ಮೂವರೂ ನಕ್ಕರು. ಮರುದಿನ ಬೆಳಗಿನ ಐದೂವರೆಗೆ ತಂಬೂರಿ ಶುರುವಾಯಿತು, ಅದರ ಜೊತೆಗೆ ತಾಳ ಹಾಕುವ ಕೈಯ ಸದ್ದೂ.